ನೀವು ಕೇಳಿದಿರಿ: ಹೆಲ್ಪರ್ ಆಗಲಾ, ಅಪ್ರೆಂಟಿಸ್ ಆಗಲಾ?

ಪ್ರಶ್ನೆ: ಐಟಿಐ ಫಿಟ್ಟರ್ ಪಾಸಾಗಿದ್ದೇನೆ. ಪರಿಚಯದ ಗುತ್ತಿಗೆದಾರರು ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ಗೆ ಹೆಲ್ಪರ್ ಆಗಿ ಕೂಡಲೇ ಬಾ ಅಂತಾರೆ. ಕಂಪನಿಯಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್ ಆದರೆ ಕೈಗೆ ಬರೋದು ಕಡಿಮೆ. ಮನೆಯಲ್ಲಿ ಸಾಲ ಇದೆ. ಏನು ಮಾಡಲಿ?
– ಓದುಗ, ಚಿತ್ತಾಪುರ ತಾಲೂಕು

ಉತ್ತರ: ಮನೆಯವರು ಒಂದು ವರ್ಷ ತಡೆದುಕೊಳ್ಳುವ ಹಾಗಿದ್ದರೆ ಅಪ್ರೆಂಟಿಸ್ ಆಗಿ. ಹೆಲ್ಪರ್ ಆಗಿ ಹೋದ ನಮ್ಮ ಕಡೆಯ ಎಷ್ಟೋ ಹುಡುಗರು ಸ್ಪ್ಯಾನರ್ ಹೊತ್ತುಕೊಡುತ್ತಲೇ ಉಳಿದುಬಿಡುತ್ತಾರೆ, ಐಟಿಐ ಸರ್ಟಿಫಿಕೇಟ್ ಟ್ರಂಕಿನಲ್ಲೇ ಇರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಪ್ರೆಂಟಿಸ್‌ಗೆ 1961ರ ಅಪ್ರೆಂಟಿಸ್ ಕಾಯ್ದೆಯ ಬಲ ಇದೆ. ಬರವಣಿಗೆಯಲ್ಲಿ ಕರಾರು ಇರುತ್ತದೆ, ಕಲಿಸುವುದು ಕಂಪನಿಯ ಹೊಣೆ, ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತದೆ. ಆಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತೇನಿಲ್ಲ, ಇದು ಮೊದಲೇ ಗೊತ್ತಿರಲಿ.

ಆದರೆ ಕಲಿತ ಕೈ ಎಲ್ಲಿಗೂ ಹೋಗಲ್ಲ. ರೋಲಿಂಗ್ ಮಿಲ್‌ನಲ್ಲಿ ಸ್ಲ್ಯಾಬನ್ನು, ಅಂದರೆ ದಪ್ಪ ಉಕ್ಕಿನ ಹಲಗೆಯನ್ನು, ಸುಮಾರು 1200 ಡಿಗ್ರಿಗೆ ಕಾಯಿಸಿ ಉರುಳೆಗಳ ನಡುವೆ ಒತ್ತುತ್ತಾರೆ. ಶಾಖ, ನೀರು, ಧೂಳು ಎಲ್ಲಾ ಒಟ್ಟಿಗೆ ಇರುವ ಜಾಗ ಅದು, ಅಲ್ಲಿ ಒಂದು ಬೇರಿಂಗ್ ಹೋದರೂ ಇಡೀ ಲೈನ್ ನಿಲ್ಲಬಹುದು, ಆಗ ಎಲ್ಲರೂ ಹುಡುಕುವುದು ಒಳ್ಳೆ ಫಿಟ್ಟರ್‌ನನ್ನೇ. ಬೇರಿಂಗ್ ಕಾಯಿಸಿ ಕೂರಿಸುವುದು, ಡಯಲ್ ಗೇಜ್ ಇಟ್ಟು ಕಪ್ಲಿಂಗ್ ಅಲೈನ್‌ಮೆಂಟ್ ಮಾಡುವುದು (ಜೋಡಿಸಿದ ಎರಡು ಶಾಫ್ಟ್‌ಗಳನ್ನು ಅಳೆದು ಒಂದೇ ನೇರಕ್ಕೆ ತರುವುದು), ಹೈಡ್ರಾಲಿಕ್ ಡ್ರಾಯಿಂಗ್ ಓದುವುದು – ಈ ಮೂರನ್ನು ಹಟ ಹಿಡಿದು ಕಲಿಯಿರಿ. ರಿಪೇರಿಗಾಗಿ ಯಂತ್ರ ನಿಲ್ಲಿಸುವ ಶಟ್‌ಡೌನ್ ಇದ್ದಾಗ ತಪ್ಪಿಸಿಕೊಳ್ಳಬೇಡಿ, ಗೇರ್‌ಬಾಕ್ಸ್ ಬಿಚ್ಚಿ ನೋಡಲು ಸಿಗುವುದೇ ಆಗ. ನಾಳೆ ಊರ ಹತ್ತಿರವೇ ಇರಬೇಕು ಅನಿಸಿದರೆ ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲೂ ಇವೇ ಕನ್ವೇಯರ್, ಇವೇ ಗೇರ್‌ಬಾಕ್ಸ್ ಅಲ್ವಾ?

ಸಾಲ ಕೊಟ್ಟವರ ಕಾಟ ಜಾಸ್ತಿ ಇದ್ದು ಹೆಲ್ಪರ್ ಆಗಿಯೇ ಹೋಗಬೇಕಾಗಿ ಬಂದರೆ ಅದರಲ್ಲಿ ತಪ್ಪೇನಿಲ್ಲ. ಪಿಎಫ್ ನಂಬರ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಸೇಫ್ಟಿ ಶೂ ಮೊದಲ ತಿಂಗಳೇ ಕೇಳಿ ಪಡೆಯಿರಿ. ಜೊತೆಗೆ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಡಿ. ಎರಡು ವರ್ಷದ ಐಟಿಐ ಆಗಿರುವುದರಿಂದ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ.

ಪ್ರಶ್ನೆ: ನಾನು ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿದ್ದೇನೆ. ಸ್ಟೀಲ್ ಪ್ಲಾಂಟ್ ಹುಡುಗಿಯರಿಗಲ್ಲ ಅಂತಾರೆ, ನಿಜವಾ?
– ಓದುಗಿ, ಬೀದರ್

ಉತ್ತರ: ಖಂಡಿತ ಅಲ್ಲ. ಜಾರ್ಖಂಡ್‌ನ ನೋವಾಮುಂಡಿಯಲ್ಲಿ, ಟಾಟಾ ಸ್ಟೀಲ್‌ನ ಕಬ್ಬಿಣದ ಅದಿರಿನ ಗಣಿಯಲ್ಲಿ ಮಹಿಳೆಯರೇ ಇಡೀ ಪಾಳಿ ನಡೆಸುತ್ತಾರೆ. ನೀವು ಮೋಟಾರ್, ಪ್ಯಾನೆಲ್ ವೈರಿಂಗ್ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಪಿಎಲ್‌ಸಿ (ಯಂತ್ರಗಳನ್ನು ತಾನಾಗಿ ನಡೆಸುವ ಕಂಪ್ಯೂಟರ್ ನಿಯಂತ್ರಕ) ಕಲಿಯಿರಿ, ಈಗಿನ ಮಿಲ್‌ಗಳು ನಡೆಯುವುದೇ ಅದರ ಮೇಲೆ. ಸೇರುವ ಮೊದಲು ರಾತ್ರಿ ಪಾಳಿ, ಹಾಸ್ಟೆಲ್, ಬಸ್ ವ್ಯವಸ್ಥೆ ಹೇಗಿದೆ ಅಂತ ನೇರವಾಗಿ ಕೇಳಿ. ಸುಮ್ನೆ ಸಂಕೋಚ ಬೇಡ.