ಕ್ಯಾಮೆರಾ ರೆಕಾರ್ಡಿಂಗ್ ಮನೆಯಲ್ಲೇ ಇಡಬೇಕಾ, ಕ್ಲೌಡ್‌ಗೆ ಹಾಕಬೇಕಾ?

ಊರಲ್ಲಿ ಅಪ್ಪ ಅಮ್ಮ ಇಬ್ಬರೇ, ಎರಡು ಕ್ಯಾಮೆರಾ ಹಾಕಿಸುತ್ತಿದ್ದೀರಿ, ಮೆಮೊರಿ ಕಾರ್ಡ್ ಸಾಕಾ, ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ನಲ್ಲಿ ಇಡುವುದಕ್ಕೆ) ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ. ನಮ್ಮದೂ ಇದೇ ಕತೆ. ಮನೆ ತೀರ್ಥಹಳ್ಳಿ ಕಡೆ, ನಾನಿರುವುದು ಬೆಂಗಳೂರಲ್ಲಿ.

ಒಂದು ಬೆಳಿಗ್ಗೆ ಅಂಗಳದಲ್ಲಿ ಒಣಗಿಸಿಟ್ಟಿದ್ದ ಅಡಿಕೆಯಲ್ಲಿ ಒಂದು ಚೀಲ ಇರಲಿಲ್ಲ. ಕ್ಯಾಮೆರಾ ಇದೆಯಲ್ಲ ಅಂತ ಧೈರ್ಯವಾಗಿ ಆ್ಯಪ್ ತೆಗೆದೆ. ಲೈವ್ ಚೆನ್ನಾಗೇ ಬರುತ್ತಿತ್ತು. ಅಮ್ಮ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೂ ಕಾಣುತ್ತಿತ್ತು. ಪ್ಲೇಬ್ಯಾಕ್ ಒತ್ತಿದರೆ ಖಾಲಿ. ಬೆರಳಲ್ಲಿ ಹಿಂದಕ್ಕೆ ಎಳೆಯುತ್ತಾ ಹೋದೆ. ನಿನ್ನೆ ಇಲ್ಲ, ಹೋದ ವಾರ ಇಲ್ಲ. ಕಾರ್ಡ್ ಸತ್ತು ಎರಡು ತಿಂಗಳಾಗಿತ್ತು! ಲೈವ್ ಬರುತ್ತಿದ್ದರೆ ರೆಕಾರ್ಡ್ ಕೂಡ ಆಗುತ್ತಿದೆ ಅಂತ ನಾನು ಸುಮ್ನೆ ನಂಬಿಕೊಂಡಿದ್ದೆ.

ಮೊಬೈಲ್‌ಗೆ ಹಾಕುವ ಮಾಮೂಲಿ ಕಾರ್ಡ್ ಹಗಲು ರಾತ್ರಿ ಬರೆಸಿಕೊಂಡರೆ ಬೇಗ ಸವೆಯುತ್ತದೆ. ಕಾರ್ಡೇ ಸಾಕು ಅನ್ನಿಸಿದರೆ 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವುದನ್ನೇ ತಗೊಳ್ಳಿ. ಆದರೆ ಲೆಕ್ಕ ನೋಡಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ ವಿಡಿಯೊ ಕುಗ್ಗಿಸುವ ಎಚ್.265 ವಿಧಾನದಲ್ಲಿ ಸುಮಾರು 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ತಗೊಂಡರೂ ದಿನಕ್ಕೆ 22 ಜಿಬಿ. 128 ಜಿಬಿ ಕಾರ್ಡ್ ಆರು ದಿನದೊಳಗೆ ತುಂಬಿ, ಹಳೆಯದರ ಮೇಲೇ ಬರೆಯಲು ಶುರು ಮಾಡುತ್ತದೆ. ಹಬ್ಬ ಮುಗಿಸಿ ಬರುವಷ್ಟರಲ್ಲಿ ಬೇಕಾದ್ದೇ ಹೋಗಿರುತ್ತದೆ. ಅದಕ್ಕೇ ನಾನು ಎನ್‌ವಿಆರ್, ಅಂದರೆ ಎಲ್ಲಾ ಕ್ಯಾಮೆರಾಗಳ ರೆಕಾರ್ಡಿಂಗನ್ನು ಹಾರ್ಡ್ ಡಿಸ್ಕ್‌ಗೆ ಬರೆಯುವ ಪೆಟ್ಟಿಗೆ, ಹಾಕಿಸಿದೆ. 1 ಟಿಬಿ (1,000 ಜಿಬಿ) ಡಿಸ್ಕ್‌ನಲ್ಲಿ ಎರಡು ಕ್ಯಾಮೆರಾಗೆ ಹೆಚ್ಚುಕಡಿಮೆ 23 ದಿನ ಸಿಗುತ್ತದೆ. ಡಿಸ್ಕ್ ಮಾತ್ರ ಕ್ಯಾಮೆರಾಗೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ್ದಿರಲಿ. ಪೆಟ್ಟಿಗೆಯನ್ನು ಟಿವಿ ಪಕ್ಕ ಇಡಬೇಡಿ, ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ. ನಮ್ಮದು ಅಟ್ಟದಲ್ಲಿದೆ.

ಹಾಗಂತ ಕ್ಲೌಡ್ ದಂಡ ಅಲ್ಲ. ಪೆಟ್ಟಿಗೆಯೇ ಹೋದರೆ ಉಳಿಯುವುದು ಅದೊಂದೇ. ಆದರೆ ಎರಡು ಕ್ಯಾಮೆರಾದ್ದು 24 ಗಂಟೆಯೂ ಮೇಲೆ ಹೋದರೆ ತಿಂಗಳಿಗೆ 1,300 ಜಿಬಿ ಅಪ್‌ಲೋಡ್. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಅದೂ ಇಲ್ಲ. ಯಾರಾದರೂ ಓಡಾಡಿದಾಗಿನ ತುಣುಕು ಮಾತ್ರ ಕ್ಲೌಡ್‌ಗೆ ಹೋಗುವ ಹಾಗೆ ಇಡಿ. ನಾನು ಬಾಗಿಲ ಕಡೆಯ ಒಂದಕ್ಕೆ ಮಾತ್ರ ದುಡ್ಡು ಕಟ್ಟುತ್ತೇನೆ.

ಇನ್ನೊಂದು ತಮಾಷೆ. ರಾತ್ರಿ ಕ್ಯಾಮೆರಾ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ. ಲೆನ್ಸ್ ಮುಂದೆ ಬಲೆ ಅಲ್ಲಾಡಿದರೆ ಕ್ಯಾಮೆರಾಗೆ ಕಳ್ಳ ಬಂದ ಹಾಗೆ! ಒಂದು ರಾತ್ರಿ ನನಗೆ ನಲವತ್ತು ಅಲರ್ಟ್ ಬಂದಿತ್ತು, ಎಲ್ಲಾ ಒಂದೇ ಜೇಡ. ಈಗ ಅಮ್ಮ ಪೊರಕೆಗೆ ಬಟ್ಟೆ ಸುತ್ತಿ ವಾರಕ್ಕೊಮ್ಮೆ ಒರೆಸುತ್ತಾರೆ.

ಪಾಸ್‌ವರ್ಡ್ ಬದಲಾಯಿಸುವುದನ್ನು ಹಾಕಿಸಿದ ದಿನವೇ ಮಾಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್), ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳ (ಎನ್‌ವಿಆರ್ ಥರದ್ದೇ ರೆಕಾರ್ಡರ್) ಒಳಗೇ ನುಗ್ಗಿತ್ತು.

ಏನಾದರೂ ನಡೆದರೆ ಅವತ್ತೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದ ಕಾಪಿ ಕುಗ್ಗಿರುತ್ತದೆ, ಮುಖ ಮಸುಕು. ಕೇಸ್ ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಆ ರೆಕಾರ್ಡಿಂಗ್ ಬಗ್ಗೆ ಪ್ರಮಾಣಪತ್ರ ಕೇಳುತ್ತಾರೆ, ಹಾಗಾಗಿ ಮೂಲ ರೆಕಾರ್ಡಿಂಗ್ ಅಳಿಸಬೇಡಿ. ಎನ್‌ವಿಆರ್ ಗಡಿಯಾರ ಸರಿಯಿದೆಯಾ ಅಂತಲೂ ನೋಡಿ. ಕರೆಂಟ್ ಜಾಸ್ತಿ ಹೋಗುವ ಊರಾದರೆ ಎನ್‌ವಿಆರ್, ರೂಟರ್, ಕ್ಯಾಮೆರಾ ಮೂರೂ ಯುಪಿಎಸ್ ಮೇಲೇ ಇರಲಿ.

ಈಗ ನಾನು ಪ್ರತಿ ಭಾನುವಾರ ಮನೆಗೆ ಫೋನ್ ಮಾಡುವಾಗ ಹಿಂದಿನ ರಾತ್ರಿ ಎರಡು ಗಂಟೆಯದ್ದು ಪ್ಲೇ ಮಾಡಿ ನೋಡುತ್ತೇನೆ. ಹೆಚ್ಚಾಗಿ ನಮ್ಮ ನಾಯಿ ಮಲಗಿರುತ್ತದೆ.