ಟಿವಿ ಚರ್ಚೆಯಲ್ಲಿ ಆ್ಯಂಕರ್ ಏನು ಬೇಕಾದರೂ ಹೇಳಬಹುದಾ? ದೂರು ಕೊಟ್ಟರೆ ಏನಾದರೂ ಆಗುತ್ತಾ?

ಆಗುತ್ತೆ, ಆದರೆ ನಿಧಾನಕ್ಕೆ. ನಾನು ಮಂಗಳೂರಿನಲ್ಲಿ ಆರು ವರ್ಷ ಒಂದು ಸುದ್ದಿ ಚಾನೆಲ್‌ಗೆ ಕ್ಯಾಮೆರಾ ಹಿಡಿದವನು. ಕಂಡದ್ದನ್ನು ಹೇಳುತ್ತೇನೆ.

ಒಂದು ಜೂನ್‌ನಲ್ಲಿ ಉಚ್ಚಿಲದ ಕಡಲ್ಕೊರೆತ ಶೂಟ್ ಮಾಡಲು ಹೋಗಿದ್ದೆ. ಅಲೆ ಜೋರಿತ್ತು, ನಿಜ. ಆದರೆ ಯಾವ ಮನೆಯೂ ಬಿದ್ದಿರಲಿಲ್ಲ. ದಡಕ್ಕೆ ಹಾಕಿದ ಕಲ್ಲಿನ ಮೇಲೆ ನೀರು ಹಾರುತ್ತಿತ್ತು, ಅಷ್ಟೇ. ಅದನ್ನೇ ಕಳಿಸಿದೆ. ರಾತ್ರಿ ಟಿವಿ ಹಾಕಿದರೆ ತೆಂಗಿನ ಮರ ಸಮೇತ ಒಂದು ಮನೆ ಸಮುದ್ರಕ್ಕೆ ಕುಸಿಯುತ್ತಿದೆ! ಅದೂ ನಾನೇ ತೆಗೆದದ್ದು, ಎರಡು ವರ್ಷ ಮೊದಲು. ಮೂಲೆಯಲ್ಲಿ 'ಸಂಗ್ರಹ ಚಿತ್ರ' ಅಂತ ಇರಲಿಲ್ಲ. ಆ ತುಣುಕು ಸುತ್ತಿ ಸುತ್ತಿ ಬರುತ್ತಿತ್ತು. ಪಕ್ಕದಲ್ಲಿ ನಾಲ್ಕು ಜನ ಕೂತು "ಕರಾವಳಿ ಮುಳುಗುತ್ತಾ?" ಅಂತ ಕೂಗಾಡುತ್ತಿದ್ದರು. ಮುಂಬೈಯಿಂದ ದೊಡ್ಡಮ್ಮ ಫೋನ್ ಮಾಡಿ "ಮನೆ ಉಂಟಾ ಮಾರಾಯಾ?" ಅಂತ ಅತ್ತರು. ಸುದ್ದಿ ಜೋಡಿಸುವ ಡೆಸ್ಕಿನವರನ್ನು ಕೇಳಿದೆ. "ನಿನ್ನ ವಿಶುವಲ್ ವೀಕ್ ಇತ್ತು" ಅಂದರು.

ಗಮನಿಸಿ, ಆ್ಯಂಕರ್ ಒಂದೂ ಸುಳ್ಳು ಹೇಳಿರಲಿಲ್ಲ. ಬರೀ ಪ್ರಶ್ನೆ ಕೇಳುತ್ತಿದ್ದರು. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಯಾರೂ ಕೇಳುವುದಿಲ್ಲ ಅಂತ ಸ್ಟುಡಿಯೋದಲ್ಲಿ ಎಲ್ಲರಿಗೂ ನಂಬಿಕೆ. ಆದರೆ ಕಾನೂನು ಹಾಗಿಲ್ಲ. 1995ರ ಕೇಬಲ್ ಟಿವಿ ಕಾಯ್ದೆಯ ಕೆಳಗೆ ಬರುವ ಕಾರ್ಯಕ್ರಮ ಸಂಹಿತೆ (ಟಿವಿಯಲ್ಲಿ ಏನು ಬರಬಾರದು ಅನ್ನುವ ನಿಯಮಗಳು) ಸುಳ್ಳನ್ನು ಮಾತ್ರ ಅಲ್ಲ, ಅರ್ಧ ಸತ್ಯವನ್ನೂ ಬೇಕಂತಲೇ ಆಡುವ ಕೊಂಕು ಮಾತನ್ನೂ ಬೇಡ ಅನ್ನುತ್ತದೆ.

ಉಡುಪಿಯ ಉದಾಹರಣೆಯೇ ಇದೆ. 2022ರ ಹಿಜಾಬ್ ಗಲಾಟೆ ಇಲ್ಲಿ ಶುರುವಾಯಿತು, ಕಿರುಚಾಟ ದೆಹಲಿಯ ಸ್ಟುಡಿಯೋಗಳಲ್ಲಿ ನಡೆಯಿತು. ಏಪ್ರಿಲ್‌ನಲ್ಲಿ ಒಂದು ಹಿಂದಿ ಚಾನೆಲ್ ಮಾಡಿದ ಚರ್ಚೆಯ ಬಗ್ಗೆ ಎನ್‌ಬಿಡಿಎಸ್‌ಎಗೆ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಆ್ಯಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ದೂರು ಹೋಯಿತು. ಚಾನೆಲ್‌ಗಳೇ ಸೇರಿ ಮಾಡಿಕೊಂಡ ಸಂಸ್ಥೆ ಅದು, ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ. ಅಕ್ಟೋಬರ್‌ನಲ್ಲಿ 50,000 ರೂಪಾಯಿ ದಂಡ ಹಾಕಿ, ವಿಡಿಯೋ ತೆಗೆಯಲು ಹೇಳಿದರು. ಚಾನೆಲ್‌ಗೆ ಅದೇನು ದೊಡ್ಡ ದುಡ್ಡಲ್ಲ, ಅಲ್ವಾ? ಅಷ್ಟರಲ್ಲಿ ಆರು ತಿಂಗಳೂ ಕಳೆದಿತ್ತು. ಆದರೂ ಆ ಆದೇಶ ದಾಖಲೆಯಲ್ಲಿ ಉಳಿಯಿತು. ಮುಂದಿನ ದೂರಿನಲ್ಲಿ ಅದನ್ನು ತೋರಿಸಬಹುದು.

ನೀವು ದೂರು ಕೊಡುವುದಾದರೆ ಮೊದಲು ಚಾನೆಲ್‌ಗೇ ಬರೆಯಬೇಕು. ಎನ್‌ಬಿಡಿಎಸ್‌ಎ ನಿಯಮದ ಪ್ರಕಾರ ಪ್ರಸಾರವಾದ 7 ದಿನದೊಳಗೆ. ಅವರು ಉತ್ತರ ಕೊಡದಿದ್ದರೆ ಅಥವಾ ಆ ಉತ್ತರ ಸರಿ ಕಾಣದಿದ್ದರೆ ಮುಂದಿನ ಮೆಟ್ಟಿಲು ಎನ್‌ಬಿಡಿಎಸ್‌ಎ. ಎಲ್ಲ ಚಾನೆಲ್‌ಗಳೂ ಇದರ ಸದಸ್ಯರಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

"ಮಾಧ್ಯಮ ಮಾರಿಕೊಂಡಿದೆ" ಅಂತ ಎರಡು ಪುಟ ಸುಮ್ನೆ ಬರೆಯಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾತು, ಯಾವ ಚಿತ್ರ, ಇಷ್ಟು ಸಾಕು. ಅದಕ್ಕೂ ಮೊದಲು ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೆಳಗಾಗುವುದರೊಳಗೆ ಯೂಟ್ಯೂಬ್ ಲಿಂಕ್ ಮಾಯವಾಗಿರಬಹುದು. ಎಷ್ಟೋ ಸಲ ಅದನ್ನು ತೆಗೆಸುವ ಫೋನ್ ಬಂದಾಗ ನಾನು ಡೆಸ್ಕಿನ ಪಕ್ಕದಲ್ಲೇ ಇದ್ದೆ.