ಡ್ರೈಯರ್ ಇದ್ದರೂ ಗನ್ನಿನಲ್ಲಿ ನೀರು!

ಪ್ರಶ್ನೆ: ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಪೌಡರ್ ಕೋಟಿಂಗ್ ಶೆಡ್ ಇದೆ, ಅಂದರೆ ಬಣ್ಣದ ಪುಡಿಯನ್ನು ಗನ್ನಿನಿಂದ ಲೋಹದ ಮೇಲೆ ಊದುವ ಕೆಲಸ. 20 ಎಚ್‌ಪಿ ಸ್ಕ್ರೂ ಕಂಪ್ರೆಸರ್, ಸುಮಾರು 80 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ. ಆ ಗಾಳಿ ಒಣಗಿಸಲು, ನೀರು ಹೀರುವ ಕಾಳು ತುಂಬಿದ ಎರಡು ಟವರಿನ ಹೀಟ್‌ಲೆಸ್ ಡೆಸಿಕೆಂಟ್ ಡ್ರೈಯರ್ ಸೆಕೆಂಡ್ ಹ್ಯಾಂಡ್ ತಂದು ಹಾಕಿದೆವು. ಬೇಸಿಗೆಯಲ್ಲಿ ಆರಾಮ ಇತ್ತು. ಮಳೆ ಹಿಡಿದ ಮೇಲೆ ಪೌಡರ್ ಗಂಟು ಕಟ್ಟುತ್ತಿದೆ, ಗನ್ ಹತ್ತಿರ ಹನಿ ನೀರು ಬರುತ್ತಿದೆ. ಮಾರಿದವರು ಒಳಗಿನ ಕಾಳು ಬದಲಿಸಿ ಅನ್ನುತ್ತಾರೆ. ಬದಲಿಸೋದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ನಿಮ್ಮ ಡ್ರೈಯರ್ ಬೇಸಿಗೆಯಲ್ಲೂ ಕೆಲಸ ಮಾಡಿರಲಿಕ್ಕಿಲ್ಲ. ಆಗ ಪೈಪೇ ಬಿಸಿ ಇರುತ್ತದೆ, ಹೊರಗಿನ ಗಾಳಿಯಲ್ಲೂ ನೀರು ಕಡಿಮೆ, ಹಾಗಾಗಿ ಗೊತ್ತಾಗಲಿಲ್ಲ ಅಷ್ಟೇ. ಮಳೆಗಾಲದ 27 ಡಿಗ್ರಿಯಲ್ಲಿ, ತೇವ 80% ಇದ್ದಾಗ, ನಿಮ್ಮ ಕಂಪ್ರೆಸರ್ ಗಂಟೆಗೆ ಎರಡೂವರೆಯಿಂದ ಮೂರು ಲೀಟರ್ ನೀರನ್ನು ಹಬೆಯ ರೂಪದಲ್ಲಿ ಎಳೆದುಕೊಳ್ಳುತ್ತದೆ. ಅದರಲ್ಲಿ ಜಾಸ್ತಿ ಪಾಲು ಕೂಲರ್ ಮತ್ತು ಟ್ಯಾಂಕಿನಲ್ಲೇ ಬಿದ್ದು ಡ್ರೇನ್ ಆಗಬೇಕು. ಆ ನೀರನ್ನು ತಾನಾಗೇ ಹೊರಬಿಡುವ ಆಟೋ ಡ್ರೇನ್ ಜಾಮ್ ಆಗಿದ್ದರೆ ಆ ನೀರೆಲ್ಲ ಸೀದಾ ಡ್ರೈಯರಿಗೇ ನುಗ್ಗುತ್ತದೆ. ಮೊದಲು ಅದನ್ನು ಕೈಯಿಂದ ತೆರೆದು ನೋಡಿ.

ಆಮೇಲೆ ಟವರುಗಳ ಗೇಜ್ ಮುಂದೆ ಒಂದು ಹತ್ತು ನಿಮಿಷ ಸುಮ್ನೆ ನಿಲ್ಲಿ. ಒಂದು ಟವರ್ 7 ಕೇಜಿ (ಚದರ ಸೆಂ.ಮೀ.ಗೆ) ಪ್ರೆಶರಿನಲ್ಲಿ ಗಾಳಿ ಒಣಗಿಸುತ್ತಿರುತ್ತದೆ, ಇನ್ನೊಂದು ಪ್ರೆಶರ್ ಬಿಟ್ಟು, ಒಣಗಿದ ಗಾಳಿಯಲ್ಲೇ ಸ್ವಲ್ಪ ತೆಗೆದುಕೊಂಡು ತನ್ನ ಕಾಳು ಒಣಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಐದೈದು ನಿಮಿಷಕ್ಕೆ ಅದಲುಬದಲು. ಹೀಗೆ ಕಾಳು ಒಣಗಿಸಿಕೊಳ್ಳುವ ಟವರಿನ ಗೇಜ್ ಮುಳ್ಳು ಸೊನ್ನೆಯ ಹತ್ತಿರ ಇರಬೇಕು. ಒಂದೋ ಎರಡೋ ಕೇಜಿ ತೋರಿಸಿದರೆ ಆ ಗಾಳಿ ಹೊರಹೋಗುವ ಬಾಯಿಯ ಸೈಲೆನ್ಸರ್ ಕಟ್ಟಿಕೊಂಡಿದೆ ಅಂತ ಅನುಮಾನಪಡಿ. ಕಾಳು ಹೊಸದು ಹಾಕಿದರೂ ಆಗ ಒಣಗುವುದೇ ಇಲ್ಲ, ದುಡ್ಡು ದಂಡ. ಸೈಲೆನ್ಸರ್ ಬಿಚ್ಚುವ ಮುಂಚೆ ಮಷೀನ್ ನಿಲ್ಲಿಸಿ, ಎರಡೂ ಟವರಿನ ಗಾಳಿ ಪೂರಾ ಬಿಡಿ.

ಗೇಜ್ ಸರಿ ಇದ್ದರೆ ಆಗ ಟವರ್ ತೆರೆದು ಒಂದು ಹಿಡಿ ಕಾಳು ತೆಗೆಯಿರಿ. ಒಳ್ಳೆಯ ಅಲ್ಯುಮಿನಾ ಕಾಳು ಸಾಬೂದಾಣಿ ಹಾಗೆ ಬೆಳ್ಳಗೆ ಇರುತ್ತದೆ. ಗೋಕುಲ ರೋಡಿನ ಒಂದು ಶೆಡ್ಡಿನಲ್ಲಿ ನಾನು ಬಿಚ್ಚಿಸಿದಾಗ ಹುರಿದ ಶೇಂಗಾ ಬಣ್ಣ, ಕೈಗೆಲ್ಲ ಎಣ್ಣೆ. ಕಂಪ್ರೆಸರ್ ಎಣ್ಣೆ ಕುಡಿದ ಕಾಳು ಮತ್ತೆ ನೀರು ಹೀರುವುದಿಲ್ಲ, ಬಿಸಿಲಿಗೆ ಹಾಕಿದರೂ ಅಷ್ಟೇ. ಅದನ್ನು ಬದಲಿಸಲೇಬೇಕು, ಜೊತೆಗೆ ಗಾಳಿ ಡ್ರೈಯರಿಗೆ ಹೋಗುವ ಮುಂಚೆ ಸಿಗುವ ಎಣ್ಣೆ ಫಿಲ್ಟರಿನ ಎಲಿಮೆಂಟ್ ಕೂಡ. ಇಲ್ಲದಿದ್ದರೆ ಹೊಸ ಕಾಳಿಗೂ ಅದೇ ಗತಿ. ಡ್ರೈಯರಿನಿಂದ ಗಾಳಿ ಹೊರಬರುವ ಕಡೆ ಧೂಳಿನ ಫಿಲ್ಟರ್ ಇದೆಯಾ ನೋಡಿ, ಕಾಳಿನ ಬಿಳಿ ಹುಡಿ ಗನ್ನಿಗೆ ಹೋಗಬಾರದು.

ಇನ್ನೊಂದು ಮಾತು, ಬೇಜಾರಾಗಬೇಡಿ. ಈ ಡ್ರೈಯರ್ ಮೈನಸ್ 40 ಡಿಗ್ರಿ ಡ್ಯೂ ಪಾಯಿಂಟ್ ಕೊಡುವಂಥದ್ದು, ಅಂದರೆ ಗಾಳಿ ಅಷ್ಟು ತಣ್ಣಗಾಗುವವರೆಗೆ ಅದರಲ್ಲಿನ ತೇವ ನೀರಾಗಿ ಬೀಳುವುದಿಲ್ಲ. ಅದಕ್ಕೆ ನಿಮ್ಮ ಗಾಳಿಯಲ್ಲಿ ಸುಮಾರು 15%, ಅಂದರೆ 12 ಸಿಎಫ್‌ಎಂ, ಕಾಳು ಒಣಗಿಸಲಿಕ್ಕೇ ಹೋಗುತ್ತದೆ. ನಿಮ್ಮ ಕೆಲಸಕ್ಕೆ ಗಾಳಿಯನ್ನು ತಣ್ಣಗೆ ಮಾಡಿ ನೀರು ತೆಗೆಯುವ, ಪ್ಲಸ್ 3 ಡಿಗ್ರಿಯ ರೆಫ್ರಿಜರೇಷನ್ ಡ್ರೈಯರ್ ಸಾಕಿತ್ತು. ಹುಬ್ಬಳ್ಳಿ ಶೆಡ್ಡಿನೊಳಗೆ ಎಂಥ ಚಳಿಯಲ್ಲೂ ಪೈಪು 3 ಡಿಗ್ರಿಗೆ ಇಳಿಯುವುದಿಲ್ಲ ಅಲ್ವಾ? ಇರಲಿ, ತಂದಿದ್ದಾಗಿದೆ. ಗೇಜ್ ಎಷ್ಟು ತೋರಿಸಿತು ಅಂತ ಬರೆಯಿರಿ.